ಗುಂಡಿಯಷ್ಟು ಪಾಲಿಪ್, ಗೋಪುರದಷ್ಟು ಬಿರುದು

ಉಪ್ಪುನೀರಿನ ಅಕ್ವೇರಿಯಂನಲ್ಲಿ ಗೊಂಚಲಾಗಿ ಬೆಳೆಸುವ, ಹವಳದ ಬಳಗದ ಜೀವಿ; ಒಂದೊಂದು ತಲೆ, ಅಂದರೆ ಪಾಲಿಪ್, ಅಂಗಿಯ ಗುಂಡಿಯಷ್ಟಗಲ. ಒಂದು ಬಾಯಿ, ಒಂದು ಹೊಟ್ಟೆ, ಮಿದುಳಿಲ್ಲ, ಮೂಳೆಯಿಲ್ಲ. ಬಿರುದಿಗೆ ಮಾತ್ರ ಬರವಿಲ್ಲ: ‘ಅಟ್ಟರ್ ಕೇಯಾಸ್’, ‘ಫ್ರೂಟ್ ಲೂಪ್ಸ್’, ‘ಈಗಲ್ ಐ’, ‘ಪರ್ಪಲ್ ಡೆತ್’. ಇವುಗಳ ಅಸಲಿ ಹೆಸರು ಜೋವಾಂಥಸ್ ಅಥವಾ ಪಾಲಿಥೋವಾ. ಅಕ್ವೇರಿಯಂ ಮಂದಿಯ ಬಾಯಲ್ಲಿ ‘ಜೋವಾ’, ‘ಪಾಲಿ’. ಆ ಹೆಸರಿನಲ್ಲಿ ಮಾರಿದರೆ ಗೊಂಚಲಿಗಿಷ್ಟು ಎಂದು ಬೆಲೆ. ಬಿರುದು ಅಂಟಿದ ಮರುಗಳಿಗೆಯಿಂದ ತಲೆಗಿಷ್ಟು.

ಬಿರುದು ದಯಪಾಲಿಸುವ ವಿಧಾನ ಸರಳ. ತೊಟ್ಟಿಯ ದೀಪದ ಬಿಳಿ ಬೆಳಕನ್ನು ನಂದಿಸಿ, 450 ನ್ಯಾನೊಮೀಟರ್ ಆಸುಪಾಸಿನ ನೀಲಿಯನ್ನಷ್ಟೇ ಉರಿಸಬೇಕು. ಪಾಲಿಪ್ಪಿನ ಪ್ರತಿದೀಪ್ತ ಪ್ರೋಟೀನುಗಳು ಆ ನೀಲಿಯನ್ನು ಹೀರಿ ಹಸಿರು, ಕಿತ್ತಳೆಯಾಗಿ ಉಗುಳುತ್ತವೆ. ಫೋನಿಗೊಂದು ಕಿತ್ತಳೆ ಫಿಲ್ಟರ್ ಹಾಕಿ ಕ್ಲಿಕ್ಕಿಸಿ, ಬಣ್ಣದ ಸ್ಲೈಡರನ್ನು ಇನ್ನಷ್ಟು ಬಲಕ್ಕೆ ಎಳೆದರೆ ಹೊಸ ‘ತಳಿ’ ಹುಟ್ಟಿತು. ಅದನ್ನೇ ಕೊಂಡವರು ಬಿಳಿ ಬೆಳಕಿನಲ್ಲಿ ನೋಡಿದರೆ ಎದುರಿಗಿರುವುದು ಕಾಫಿ ಬಣ್ಣದ ಮುದ್ದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಬಿಳಿ ಬೆಳಕಿನ ಚಿತ್ರ ಕಳಿಸಿ ಎಂದು ಕೇಳಿ ನೋಡಿ; ಅತ್ತ ಕಡೆಯ ಮೌನವೇ ಉತ್ತರ.

ಇಷ್ಟಕ್ಕೂ ಇವು ‘ಸಾಫ್ಟ್ ಕೋರಲ್’, ಅಂದರೆ ಮೆದು ಹವಳ, ಎಂಬುದೂ ಬಿರುದೇ. ನಿಜವಾದ ಮೆದು ಹವಳದ ಪ್ರತಿ ಪಾಲಿಪ್ಪಿಗೂ ಎಂಟೇ ಗ್ರಹಣಾಂಗ, ಪ್ರತಿಯೊಂದರ ಅಂಚಿನಲ್ಲೂ ಹಕ್ಕಿಗರಿಯಂಥ ಕುಚ್ಚು: ಲೆದರ್, ಜೀನಿಯಾ, ಗ್ರೀನ್ ಸ್ಟಾರ್ ಎಂಬ ಹವಳಗಳೆಲ್ಲ ಈ ಮನೆತನ. ಜೋವಾ, ಪಾಲಿಗಳ ಬಟ್ಟಲಿನ ಅಂಚಿನಲ್ಲಿರುವುದು ಎರಡು ಸಾಲು ನುಣುಪು ಎಳೆಗಳು, ಗರಿಯಿಲ್ಲ. ಲೆನ್ಸ್ ಹಿಡಿದು ಎಣಿಸಲು ಒಂದು ನಿಮಿಷ ಸಾಕು. ಅದೇ ಲೆನ್ಸಿನಲ್ಲಿ ಬುಡವನ್ನೂ ನೋಡಿ. ಮೈಯೊಳಗೆ ಮರಳಿನ ಕಣ ಸೇರಿಸಿಕೊಂಡು ಒರಟಾಗಿದ್ದರೆ ಪಾಲಿಥೋವಾ, ಮರಳಿಲ್ಲದೆ ನುಣುಪಾಗಿದ್ದರೆ ಜೋವಾಂಥಸ್.

ಈ ವ್ಯತ್ಯಾಸ ಯಾಕೆ ಬೇಕು? ವಿಷಕ್ಕಾಗಿ. ಈ ವ್ಯವಹಾರದಲ್ಲಿ ನೆಟ್ಟಗೆ ಹೆಸರಿಟ್ಟವರು ಹವಾಯಿಯ ಮೂಲನಿವಾಸಿಗಳು ಮಾತ್ರ. ಮಾವಿ ದ್ವೀಪದ ಒಂದು ಪಾಲಿಥೋವಾವನ್ನು ಅವರು ಕರೆದದ್ದು ‘ಲಿಮು ಮಾಕೆ ಓ ಹಾನಾ’, ಅಂದರೆ ಹಾನಾ ಊರಿನ ಸಾವಿನ ಪಾಚಿ. 1971ರಲ್ಲಿ ಅದರಿಂದಲೇ ಪಾಲಿಟಾಕ್ಸಿನ್ ಬೇರ್ಪಡಿಸಿದರು. ಜೀವಕೋಶದ ಒಳಹೊರಗೆ ಲವಣ ಸಾಗಿಸುವ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಹಾರು ಹೊಡೆದ ಬಾಗಿಲು ಮಾಡಿಬಿಡುವ ವಿಷವದು. ಎಲ್ಲ ಪಾಲಿಯಲ್ಲೂ ಅದು ಇರುವುದಿಲ್ಲ, ಜೋವಾದಲ್ಲಿ ಇರುವುದೇ ಇಲ್ಲ ಎನ್ನುವಂತೆಯೂ ಇಲ್ಲ, ಕಣ್ಣಿಗಂತೂ ಕಾಣುವುದಿಲ್ಲ. ಆದರೆ ಜಾಹೀರಾತಿನಲ್ಲಿ ಯಾವ ವಂಶ, ಯಾರ ತೊಟ್ಟಿ, ಎಷ್ಟನೇ ತಲೆಮಾರು ಎಲ್ಲ ಇರುತ್ತದೆ. ಕೈಗವಸು ಎಂಬ ಪದವೊಂದು ಇರುವುದಿಲ್ಲ.

ಹಾಗಾಗಿ ಗೊಂಚಲನ್ನು ತುಂಡು ಮಾಡಿ ಹೊಸದು ಬೆಳೆಸುವಾಗ ಎಲ್ಲವನ್ನೂ ವಿಷವೆಂದೇ ನಂಬಿ ಕೆಲಸ ಮಾಡುವುದು ಕ್ಷೇಮ. ನೈಟ್ರೈಲ್ ಕೈಗವಸು, ಕಣ್ಣಿನ ಪಕ್ಕಗಳನ್ನೂ ಮುಚ್ಚುವ ಕನ್ನಡಕ, ಮಾಸ್ಕ್. ಕತ್ತರಿಸುವಾಗ ಪಾಲಿಪ್ ಪಿಚಕಾರಿ ಹೊಡೆಯುತ್ತದೆ, ಗುರಿ ಸಾಮಾನ್ಯವಾಗಿ ಮುಖವೇ. ಕಲ್ಲನ್ನು ತೊಟ್ಟಿಯಿಂದ ಹೊರತೆಗೆದು, ತಲೆಗಳ ನಡುವಿನ ಚರ್ಮದಂಥ ಹಾಸಿನಲ್ಲಿ ಬ್ಲೇಡ್ ಆಡಿಸಿ, ಅಡಿಯ ಕಲ್ಲನ್ನು ಬೋನ್ ಕಟರ್‌ನಿಂದ ಮುರಿಯಬೇಕು; ತಲೆಗೆ ಅಲಗು ತಾಕಬಾರದು. ತುಂಡಿನ ಬೆನ್ನನ್ನು ಕಾಗದದಿಂದ ಒತ್ತಿ ಒರೆಸಿ, ಜೆಲ್ ಸೂಪರ್‌ಗ್ಲೂ ಹಾಕಿ ಪ್ಲಗ್‌ಗೆ, ಅಂದರೆ ತುಂಡು ಕೂರಿಸುವ ಪುಟ್ಟ ಪೀಠಕ್ಕೆ, ಅಂಟಿಸಿ. ಉಪಕರಣಗಳನ್ನು ಒಂದು ಪಾಲು ಬ್ಲೀಚ್, ಹತ್ತು ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬೇಡದ ಪಾಲಿಯನ್ನು ತೊಲಗಿಸಲೆಂದು ಕಲ್ಲನ್ನು ಕುದಿಸುವ, ಬಿಸಿನೀರು ಸುರಿಯುವ, ಬ್ರಷ್ಷಿನಿಂದ ಉಜ್ಜುವ ಮಹಾನುಭಾವರೂ ಇದ್ದಾರೆ. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಬ್ಲೇಡೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ಗೊಂಚಲಿಗೆ ತಾಗಿದಂತೆ ಪುಟ್ಟ ಕಲ್ಲುಚೂರು ಇಟ್ಟು ಸುಮ್ಮನಿರುವುದು. ಹಾಸು ತಾನೇ ಹರಡಿ ಚೂರಿನ ಮೇಲೆ ಹತ್ತುತ್ತದೆ. ತಿಂಗಳುಗಟ್ಟಲೆ ಹಿಡಿಯುವುದರಿಂದ ಈ ವಿಧಾನಕ್ಕೆ ಇಲ್ಲಿಯವರೆಗೆ ಯಾರೂ ಬಿರುದು ಕೊಟ್ಟಿಲ್ಲ.

ಪಾಪದ ಲೆದರ್ ಹವಳಕ್ಕೂ ಅದೇ ಗತಿ. ಬಣ್ಣ ಮಾಸಲು, ಆದ್ದರಿಂದ ಕೇಳುವವರಿಲ್ಲ. ಹರಿತ ಬ್ಲೇಡಿನಿಂದ ಅದರ ಕೊಡೆಯಂಥ ಮೇಲ್ಭಾಗದ ಅಂಚಿನಿಂದ ಮೂರ್ನಾಲ್ಕು ಸೆಂಟಿಮೀಟರಿನ ತುಂಡು ತೆಗೆದು, ತೊಟ್ಟಿಯದೇ ನೀರಿನಲ್ಲಿ ಲೋಳೆ ತೊಳೆಯಿರಿ. ಲೋಳೆಯ ಮೇಲೆ ಗ್ಲೂ ನಿಲ್ಲದು, ಆದ್ದರಿಂದ ಸಡಿಲ ರಬ್ಬರ್ ಬ್ಯಾಂಡ್ ಅಥವಾ ತೆಳು ಬಲೆಯಿಂದ ಕಲ್ಲುಚೂರಿಗೆ ಕಟ್ಟಬೇಕು. ಬಿಗಿದರೆ ರಬ್ಬರ್ ತುಂಡನ್ನೇ ಸೀಳುತ್ತದೆ. ಒಂದೆರಡು ವಾರದಲ್ಲಿ ಕಚ್ಚಿಕೊಳ್ಳುತ್ತದೆ. ಕೊಯ್ದಾಗ ಅದು ನೀರಿಗೆ ಬಿಡುವ ಟರ್ಪೀನ್ ರಾಸಾಯನಿಕ ನೆರೆಯ ಹವಳಗಳನ್ನು ಮುದುಡಿಸುತ್ತದೆ. ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಶೇ 10–20 ನೀರು ಬದಲಿಸಿ.

ಇನ್ನು ಬಿರುದಾಂಕಿತರ ಅಂತ್ಯಕಾಲ. ಜೋವಾ ತಿನ್ನುವ ನ್ಯೂಡಿಬ್ರಾಂಕ್ ಎಂಬ ಹುಳುವಿನಂಥ ಮೃದ್ವಂಗಿ ಗೊಂಚಲಿನ ಬುಡದಲ್ಲಿ ಮೊಟ್ಟೆ ಅಂಟಿಸಿರುತ್ತದೆ. ಗೊಂಚಲನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ, ಅಂದರೆ ಡಿಪ್ ಮಾಡಿದರೆ, ಹುಳು ಉದುರುತ್ತದೆ, ಮೊಟ್ಟೆಗೆ ಏನೂ ಆಗದು. ಅವನ್ನು ಕೈಯಿಂದ ಕೆರೆದು, ವಾರಕ್ಕೊಮ್ಮೆಯಂತೆ ಎರಡು-ಮೂರು ಬಾರಿ ಡಿಪ್ ಮಾಡದಿದ್ದರೆ, ಒಂದು ಬೆಳಿಗ್ಗೆ ಪ್ಲಗ್ ಮೇಲೆ ಮಾರ್ಕರ್‌ನಲ್ಲಿ ಬರೆದ ಬಿರುದಷ್ಟೇ ಉಳಿದಿರುತ್ತದೆ. ತಿಂದ ಹುಳು ಪಕ್ಕದಲ್ಲೇ ಕೂತಿರುತ್ತದೆ, ತಿಂದದ್ದರ ಬಣ್ಣವನ್ನೇ ಮೈಗೆ ತಂದುಕೊಂಡು. ನೀಲಿ ದೀಪದಡಿ ಅದರದ್ದೂ ಒಂದು ಫೋಟೊ ತೆಗೆಯಬಹುದು.