ಸಕ್ಕರೆ ನಾಡಿಗೆ ಬೇಕಾದ ಸಕ್ಕರೆ ಲೆಕ್ಕ

ಬೊಜ್ಜು ತಡೆಯುವ ಯೋಜನೆಗಳಿಗೆ ಎಷ್ಟು ಖರ್ಚು, ಉಳಿಯುವ ಆರೋಗ್ಯ ಎಷ್ಟು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದು ಅದಕ್ಕೆ ಸಂಬಳ ಕೊಡುತ್ತದೆ ಎಂದರೆ ಮಂಡ್ಯದ ನನ್ನ ಸೋದರಮಾವ ನಂಬುವುದಿಲ್ಲ. 1933ರಲ್ಲಿ ಆರಂಭವಾದ ಸಕ್ಕರೆ ಕಂಪನಿಯ ಊರಿನ ಕಬ್ಬು ಬೆಳೆಗಾರರು ಅವರು. ಸಕ್ಕರೆ ತೆರಿಗೆಯ ವಿಷಯ ಹೇಳಿದಾಗ, "ಉಂಡ ಮನೆಗೆ ಎರಡು ಬಗೆಯುತ್ತೀಯಲ್ಲಪ್ಪ" ಎಂದರು.

ಆದರೂ ಆ ತೆರಿಗೆಯ ಜಾಣತನ ಮೆಚ್ಚಬೇಕಾದದ್ದು. 2018ರ ಏಪ್ರಿಲ್‌ನಲ್ಲಿ ಬ್ರಿಟನ್ ಅದನ್ನು ಜಾರಿಗೊಳಿಸಿದಾಗ, 100 ಮಿಲಿಲೀಟರ್ ತಂಪು ಪಾನೀಯದಲ್ಲಿ 5 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ತೆರಿಗೆಯೇ ಇರಲಿಲ್ಲ. 5 ಗ್ರಾಂ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24. ಎರಡು ವರ್ಷ ಮೊದಲೇ ಘೋಷಿಸಿದ್ದರಿಂದ ಅನೇಕ ಕಂಪನಿಗಳು ತೆರಿಗೆ ಕಟ್ಟುವ ಬದಲು ಸಕ್ಕರೆಯನ್ನೇ ಇಳಿಸಿದವು. ಕುಡಿಯುವವರಿಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ. ನಮ್ಮ ಜಿಎಸ್‌ಟಿ ಇಂಥ ಪಾನೀಯಗಳಿಗೆ ಶೇ 40 ವಿಧಿಸುತ್ತದೆ, ಗ್ರಾಂ ಮಾತ್ರ ಕೇಳುವುದಿಲ್ಲ. ಸಕ್ಕರೆ ತುಂಬಿದ ಕೋಲಾಕ್ಕೂ ಸಕ್ಕರೆಯಿಲ್ಲದ ಕೋಲಾಕ್ಕೂ ಒಂದೇ ದರ. ಬೊಕ್ಕಸ ತುಂಬುತ್ತದೆ, ತಯಾರಕನಿಗೆ ಸಕ್ಕರೆ ತಗ್ಗಿಸುವ ದರ್ದಿಲ್ಲ.

ಹಾಗೆಂದು ಬ್ರಿಟನ್ನಿನ ಅಂಕಿಗಳನ್ನು ಎತ್ತಿಕೊಂಡು ಹೋಗಿ ಮಂಡ್ಯದಲ್ಲಿ ಇಳಿಸಿದರೆ ನಗೆಪಾಟಲಾಗುತ್ತದೆ. ನಮ್ಮ ಮನೆಯಲ್ಲಿ ಸಕ್ಕರೆ ಬರುವುದು ಬಾಟಲಿಯಿಂದಲ್ಲ, ಡಬ್ಬಿಯಿಂದ. ಅತ್ತೆ ಡಿಕಾಕ್ಷನ್ನಿಗೆ ಹಾಲು ಬೆರೆಸಿ, ಎರಡು ಚಮಚ ಸಕ್ಕರೆ ಹಾಕಿ, ಕಲಕಿಯೇ ಲೋಟ ಕೈಗೆ ಕೊಡುತ್ತಾರೆ. ಸಕ್ಕರೆ ಬೇಡವೆಂದರೆ, "ಅಯ್ಯೋ, ಶುಗರ್ ಬಂತಾ?" ಎಂದು ಗಾಬರಿ. ಆ ಎರಡು ಚಮಚವನ್ನು ಯಾವ ತೆರಿಗೆ ಮುಟ್ಟೀತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 30ರಷ್ಟು ಮಂದಿಯ ತೂಕ ಮಿತಿಗಿಂತ ಹೆಚ್ಚು. ಬರೀ ಕೋಲಾ ಅದಕ್ಕೆ ಕಾರಣವೆಂದರೆ ಅತ್ತೆಯೂ ಒಪ್ಪುವುದಿಲ್ಲ.

ಆರೋಗ್ಯದ ಲೆಕ್ಕ ಹಾಕುವ ಈ ವಿದ್ಯೆ ಕಲಿತವರಿಗೆ ಇಂಗ್ಲೆಂಡಿನಲ್ಲಿಯೂ ಸುಖಾಸನವೇನಿಲ್ಲ. ಎಷ್ಟೋ ಸಂಶೋಧನಾ ಹುದ್ದೆಗಳು ಅನುದಾನ ಮುಗಿಯುವವರೆಗಿನ ಗುತ್ತಿಗೆ. ಆದರೆ ಅರ್ಜಿ ಹಾಕಲು ಹುದ್ದೆಯಾದರೂ ಇದೆ. ಮೈಸೂರಿನಲ್ಲಿ ಮಾನಸಗಂಗೋತ್ರಿಯ ಅರ್ಥಶಾಸ್ತ್ರವಿದೆ, 1924ರ ವೈದ್ಯಕೀಯ ಕಾಲೇಜಿದೆ, 1950ರಿಂದ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ. ಮೂರೂ ಸೇರಿ ಇಂಥ ಒಂದೇ ಒಂದು ಹುದ್ದೆ ಸೃಷ್ಟಿಸಬೇಕೆಂಬುದು ನನ್ನ ಆಸೆ. ಅಲ್ಲಿ ಕೂರುವವರು ಡಬ್ಬಿಯ ಸಕ್ಕರೆಯಿಂದ ಲೆಕ್ಕ ಶುರುಮಾಡಲಿ. ನನ್ನ ತಖ್ತೆಯಲ್ಲಿ ಬೆಳೆಗಾರನಿಗೆ ಕಾಲಂ ಇಲ್ಲ, ಅವರದರಲ್ಲಿ ಇರಲಿ. ಸಕ್ಕರೆಯ ಬೇಡಿಕೆ ಕುಗ್ಗಿದರೆ ಪಾಂಡವಪುರದ ರೈತನಿಗೆ ಎಷ್ಟು ನಷ್ಟ, ಅವನ ಕಬ್ಬು ಎಥೆನಾಲ್‌ಗೆ ಹೋದರೆ ಆ ನಷ್ಟದಲ್ಲಿ ಎಷ್ಟು ತುಂಬುತ್ತದೆ ಎಂಬುದನ್ನು ಅವನ ಗದ್ದೆಯ ಬದುವಿನಲ್ಲಿ ನಿಂತೇ ಕೇಳಿ ಬರೆದುಕೊಳ್ಳಬೇಕು.