ವಾಟ ಸರಿಯಾಗೇ ಇದೆ ಸಾರ್

ಆಸ್ತಿ ಮಾಡಬೇಕು ಅಂತ ಆನೇಕಲ್, ದೇವನಹಳ್ಳಿ ಕಡೆ ಸೈಟು ಹುಡುಕಿಕೊಂಡು ಅಲೆಯಬೇಕಿಲ್ಲ. ಇರೋ ಮನೆಯನ್ನೇ ಚೆನ್ನಾಗಿ ಮಾಡಿ ಮಾರಬೇಕು. ಆ ದುಡ್ಡಲ್ಲಿ ಇನ್ನೊಂದು ಹಳೇ ಮನೆ ಕೊಂಡು, ಅದನ್ನೂ ಚೆನ್ನಾಗಿ ಮಾಡಿ ಮಾರಬೇಕು. ಇದು ನಮ್ಮ ಯಜಮಾನರ ಸಿದ್ಧಾಂತ. ಯಾವುದೋ ಅಮೆರಿಕದ ವಿಡಿಯೋದಲ್ಲಿ ಗಂಡ ಹೆಂಡತಿ ನಗುನಗುತ್ತಾ ಗೋಡೆ ಒಡೆದು ಲಾಭ ಎಣಿಸಿದ್ದನ್ನು ನೋಡಿದ್ದರು. ಅಲ್ಲಿನ ಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. ಹನುಮಂತನಗರದ ನಮ್ಮ ಗೋಡೆ ಒಂಬತ್ತು ಇಂಚಿನ ಇಟ್ಟಿಗೆಯದ್ದು.

ಮೂವತ್ತು ನಲವತ್ತರ ಸೈಟು, ಎಂಬತ್ತರ ದಶಕದ ಮನೆ. ಪಿಲ್ಲರ್ ಇಲ್ಲ, ಗೋಡೆಗಳೇ ತಾರಸಿ ಹೊತ್ತಿವೆ. ಓಪನ್ ಕಿಚನ್ ಮಾಡೋಣ ಅಂತ ಅಡುಗೆಮನೆ ಗೋಡೆಗೆ ಸುತ್ತಿಗೆ ಎತ್ತಿದ್ದೇ ತಡ, ಎದುರುಮನೆಯ ರಿಟೈರ್ಡ್ ಇಂಜಿನಿಯರ್ ಅಂಕಲ್ ಓಡಿ ಬಂದರು. "ಅದನ್ನ ತೆಗೆದ್ರೆ ಕಿಚನ್ ಅಷ್ಟೇ ಅಲ್ಲ ಕಣ್ರೀ, ಇಡೀ ಮನೆ ಓಪನ್ ಆಗುತ್ತೆ" ಅಂದರು. ಕೊನೆಗೆ ಮೇಲೊಂದು ಲಿಂಟಲ್ ಕೊಟ್ಟು ಸಣ್ಣ ಕಿಂಡಿ ಕೊರೆಸಿದ್ದಾಯಿತು. ಬಸ್ ಸ್ಟ್ಯಾಂಡಿನ ಪಾಸ್ ಕೌಂಟರ್ ಥರ ಇದೆ. ನಾನು ಒಳಗಿನಿಂದ ಕಾಫಿ ಕೊಟ್ಟರೆ ಅತ್ತೆ ಹೊರಗಿನಿಂದ "ಚಿಲ್ಲರೆ ಇಲ್ಲಮ್ಮ" ಅನ್ನುತ್ತಾರೆ.

ಕೆಲಸ ಶುರುವಾಗಿದ್ದು 2024ರ ಬೇಸಿಗೆಯಲ್ಲಿ. ಬೆಂಗಳೂರಿನವರು ಆ ಬೇಸಿಗೆಯನ್ನು ಸುಲಭಕ್ಕೆ ಮರೆಯಲ್ಲ. ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಜಲಮಂಡಳಿಯ ಆದೇಶ ಬಂತು. ಇತ್ತ ಹೊಸ ಪ್ಲಾಸ್ಟರಿಗೆ ಕನಿಷ್ಠ ಒಂದು ವಾರವಾದರೂ ನೀರು ಹೊಡೆಯಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವನ್ನೂ ಬಕೆಟ್ಟಿನಲ್ಲಿ ಹಿಡಿದಿಟ್ಟು ಎರಚಿದೆವು. ನಮಗೇ ಸರಿಯಾಗಿ ಸಿಗದ ಸ್ನಾನ ಗೋಡೆಗೆ ದಿನಕ್ಕೆರಡು ಸಲ. ನಾವು ಅದೇ ಮನೆಯಲ್ಲೇ ವಾಸ ಬೇರೆ. ಫ್ರಿಜ್ಜು ದೇವರ ಮನೆ ಬಾಗಿಲಿಗೆ ಅಡ್ಡ ನಿಂತಿತ್ತು. ಅತ್ತೆ ಮಂಗಳಾರತಿ ಎತ್ತಿದರೆ ಮೊದಲು ಅದಕ್ಕೇ ಬೆಳಗಬೇಕಿತ್ತು.

ಇವೆಲ್ಲ ಹೇಗೋ ನಡೆದುಹೋಯಿತು. ತಲೆ ಕೆಡಿಸಿದ್ದು ನೆಲ.

ಮನೆಗೆ ರೆಡ್ ಆಕ್ಸೈಡ್ ನೆಲ ಇತ್ತು. ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾಗಿತ್ತು. ಈಗ ಅದನ್ನೇ ಬೇಕು ಅಂತ ಹಾಕಿಸಿಕೊಳ್ಳುವವರಿದ್ದಾರೆ, ಹಾಕಲು ಬರುವವರೇ ಕಮ್ಮಿ. ಆದರೆ ಯಜಮಾನರ ಪ್ರಕಾರ ಮನೆ ಕೊಳ್ಳೋರಿಗೆ ವಿಟ್ರಿಫೈಡ್ ಟೈಲ್ಸೇ ಬೇಕು. ಒಡೆಯೋ ಕೂಲಿ ಉಳಿಸೋಣ, ಮಣ್ಣು ಸಾಗಿಸೋ ಖರ್ಚೂ ಉಳಿಸೋಣ ಅಂತ ಹಳೇ ನೆಲದ ಮೇಲೇ ಟೈಲ್ಸ್ ಅಂಟಿಸಿದರು. ನೆಲ ಮುಕ್ಕಾಲು ಇಂಚು ಮೇಲೆ ಬಂತು. ಕಳಚಿಟ್ಟಿದ್ದ ಬಾಗಿಲುಗಳನ್ನು ವಾಪಸ್ ಕೂರಿಸಲು ಹೋದರೆ ಒಂದೂ ಕೂರಲಿಲ್ಲ. ಕಾರ್ಪೆಂಟರ್ ಬಂದು ತೇಗದ ಬಾಗಿಲುಗಳ ಬುಡ ಹೆರೆದ. ಬಚ್ಚಲಿನದನ್ನು ಮಾತ್ರ ಕೊಂಚ ಜಾಸ್ತಿಯೇ ಹೆರೆದ. ಈಗ ಪಾದ ನೋಡಿ ಒಳಗಿರೋದು ಯಾರು ಅಂತ ಹೇಳಬಹುದು.

ಬಚ್ಚಲಿಗೂ ಹೊಸ ಟೈಲ್ಸ್ ಬಿತ್ತು. ಮೊದಲ ದಿನ ಸ್ನಾನದ ನೀರು ಜಾಲರಿ ಕಡೆ ಹೋಗಲಿಲ್ಲ. ಸೀದಾ ಬಾಗಿಲ ಕಡೆ ಹೊರಟು, ಆ ಸಂದಿಯಲ್ಲಿ ನುಸುಳಿ, ಹಾಲಿಗೆ ಬಂತು. ಮೇಸ್ತ್ರಿಯನ್ನು ಕರೆಸಿದೆವು. ನೆಲದ ವಾಟ, ಅಂದರೆ ನೀರು ಹರಿದುಹೋಗೋ ಇಳಿಜಾರು, ಸರಿಯಿದೆಯಾ ಅಂತ ರಸಮಟ್ಟ ಇಟ್ಟು ಹಿಂದೆ ಮುಂದೆ ನೋಡಿದ.

"ವಾಟ ಸರಿಯಾಗೇ ಇದೆ ಸಾರ್. ನೀವು ನೀರು ಜಾಸ್ತಿ ಹಾಕ್ತಿದ್ದೀರ."

"ಹಾಗಾದ್ರೆ ಎಷ್ಟು ಹಾಕ್ಕೋಬೇಕಪ್ಪ?" ಅತ್ತೆ ಕೇಳಿದರು.

ಅವನು ನಿಜವಾಗಲೂ ಯೋಚನೆ ಮಾಡಿದ. "ಒಂದೊಂದೇ ಚೊಂಬು ಅಮ್ಮಾ. ನಿಧಾನಕ್ಕೆ."

ಬಿಲ್ಲುಗಳನ್ನೆಲ್ಲ, ಎಸ್‌.ಪಿ. ರೋಡಿನ ಸ್ಕ್ರೂ ಬಿಲ್ಲು ಸಮೇತ, ಯಜಮಾನರು ಫೈಲು ಮಾಡಿದ್ದರು. ಮನೆ ಮಾರಿದಾಗ ಲಾಭದಲ್ಲಿ ಕಳೆಯಬಹುದಲ್ವಾ? ಆಡಿಟರ್ ಫೈಲನ್ನು ಎರಡು ಗುಂಪು ಮಾಡಿದರು. ಮನೆಗೆ ಹೊಸದಾಗಿ ಸೇರಿಸಿದ್ದು ಲೆಕ್ಕಕ್ಕೆ ಬರುತ್ತೆ. ಬಣ್ಣ, ಸಣ್ಣಪುಟ್ಟ ರಿಪೇರಿ ಬರಲ್ಲ. ಬಣ್ಣದ ಗುಂಪೇ ದಪ್ಪಗಿತ್ತು. ಸಾಲದ್ದಕ್ಕೆ ಅದೇ 2024ರ ಜುಲೈ 23ರ ಬಜೆಟ್ಟಿನಲ್ಲಿ ಈ ಲಾಭದ ಮೇಲಿನ ತೆರಿಗೆ ಶೇ. 20ರಿಂದ 12.5ಕ್ಕೆ ಇಳಿದು, ಬೆಲೆಯೇರಿಕೆಗೆ ಕೊಡುತ್ತಿದ್ದ ರಿಯಾಯಿತಿ ಹೋಯಿತು. ಅದಕ್ಕೆ ಮುಂಚೆ ಮನೆ ಕೊಂಡವರು ಹಳೇ ಲೆಕ್ಕ, ಹೊಸ ಲೆಕ್ಕ ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು ಅಂತ ಆಮೇಲೆ ತಿದ್ದಿದರು. ಯಜಮಾನರ ಎಕ್ಸೆಲ್ ಹಾಳೆ ಎರಡಾಯಿತು.

"ಹೋಗಲಿ, ಬಾಡಿಗೆಗೆ ಕೊಟ್ರೆ ಈ ಬಿಲ್ಲು ನಡೆಯುತ್ತಾ?" ಅಂತ ಕೇಳಿದರು.

"ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ ಮೂವತ್ತು ಹೇಗೂ ಬಿಡ್ತಾರೆ. ಬಿಲ್ ಇದ್ರೂ ಮೂವತ್ತು, ಇಲ್ದಿದ್ರೂ ಮೂವತ್ತು."

ಫೈಲು ಈಗ ಅಲ್ಲಾಡುವ ಟೀಪಾಯಿಯ ಕಾಲಡಿ ಇದೆ. ಹೊಸ ನೆಲವೂ ಎಲ್ಲ ಕಡೆ ಒಂದೇ ಮಟ್ಟ ಇಲ್ಲ.

ಸುಮ್ನೆ ರೇಟು ತಿಳಿದುಕೊಳ್ಳೋಣ ಅಂತ ಈಚೆಗೆ ಒಬ್ಬ ಬ್ರೋಕರನ್ನು ಕರೆಸಿದರು. ಬರೋ ಮುಂಚೆ ಟೈಲ್ಸನ್ನು ತಾವೇ ಒರೆಸಿದರು. ಅವನು ಒಳಗೇ ಬರಲಿಲ್ಲ. ಬೀದಿಯಲ್ಲಿ ನಿಂತು ರಸ್ತೆ ಎಷ್ಟು ಅಡಿ, ಮನೆ ಮುಖ ಯಾವ ಕಡೆ, ಎ ಖಾತಾನಾ ಅಂತ ಕೇಳಿಕೊಂಡ. ಬಲವಂತ ಮಾಡಿದ್ದಕ್ಕೆ ಹೊಸ್ತಿಲವರೆಗೆ ಬಂದು ಇಣುಕಿದ.

"ಈ ಏರಿಯಾದಲ್ಲಿ ಕೊಳ್ಳೋರು ಸೈಟ್ ಕೊಳ್ತಾರೆ ಸಾರ್. ಹಳೇ ಮನೆಗೆ ಏನೂ ಕಟ್ಟಲ್ಲ. ಒಡೆದು ನಾಲ್ಕು ಫ್ಲೋರ್ ಎಬ್ಬಿಸ್ತಾರೆ."

"ನೆಲ ನೋಡಿದ್ರಾ?" ಅಂದರು ಯಜಮಾನರು.

"ನೋಡಿದೆ ಸಾರ್. ಅದೇ ಯೋಚನೆ. ಕೆಳಗೊಂದು, ಮೇಲೊಂದು, ಎರಡು ನೆಲ ಇದೆ. ಒಡೆಯೋ ಕೂಲಿ ಜಾಸ್ತಿ ಬೀಳುತ್ತೆ. ರೇಟಲ್ಲಿ ಸ್ವಲ್ಪ ಕಳೀಬೇಕಾಗುತ್ತೆ."