ಆಗ್ನೆಸ್‌ಳ ಗುಟ್ಟಿನ ಮದುವೆ ಅವಳ ಆಯ್ಕೆಯೇ?

ಜರ್ಮನಿಯ ರೈನ್ ನದಿಯ ದಂಡೆಯಲ್ಲಿರುವ ಬಾಖರಾಖ್ ಊರಿನ ಮೇಲಿನ ಶ್ಟಾಲೆಕ್ ಕೋಟೆಯಲ್ಲಿ, 1193-94ರ ಚಳಿಗಾಲದಲ್ಲಿ, ಹೊಹೆನ್‌ಸ್ಟೌಫೆನ್ ಮನೆತನದ ಆಗ್ನೆಸ್ ತನ್ನವರಿಗೆ ಹಗೆಯಾಗಿದ್ದ ವೆಲ್ಫ್ ಮನೆತನದ ಹೈನ್‌ರಿಕ್‌ನನ್ನು ಗುಟ್ಟಾಗಿ ಮದುವೆಯಾದಳು. ರೈನ್ ಪ್ರಾಂತ್ಯದ ಪ್ಯಾಲಟೈನ್ ಕೌಂಟ್ (ಚಕ್ರವರ್ತಿಯ ಕೈಕೆಳಗೆ ಪ್ರಾಂತ್ಯವಾಳುವ ಹಿರಿಯ ಸಾಮಂತ) ಆಗಿದ್ದ ಅವಳ ತಂದೆ ಕೊನ್‌ರಾಡ್‌ನಿಗೆ ಗಂಡು ವಾರಸುದಾರರಿರಲಿಲ್ಲ. ಅವಳ ದೊಡ್ಡಪ್ಪನ ಮಗನಾದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಆರನೆಯ ಹೈನ್‌ರಿಕ್ ಅವಳನ್ನು ಫ್ರಾನ್ಸಿನ ದೊರೆ ಎರಡನೆಯ ಫಿಲಿಪ್‌ನಿಗೆ ಕೊಡಬೇಕೆಂದಿದ್ದ.

ಪರ

ಈ ಮದುವೆ ಆಗ್ನೆಸ್‌ಳ ಆಯ್ಕೆಯೇ ಎನ್ನಲು ಬಲವಾದ ಕಾರಣ ಫಿಲಿಪ್‌ನ ನಡತೆಯಲ್ಲಿದೆ. ಅವನು 1193ರ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಇಂಗೆಬೋರ್ಗ್‌ಳ ಕೈಹಿಡಿದು ಮರುದಿನವೇ ಅವಳನ್ನು ತೊರೆದಿದ್ದ. ಆ ಹೆಣ್ಣಿಗೆ ಆದ ಗತಿಯನ್ನು ತಾನು ಕೇಳಿರುವುದಾಗಿಯೂ, ಅಂಥವನು ತನಗೆ ಬೇಡವೆಂದೂ ಆಗ್ನೆಸ್ ತಾಯಿ ಇರ್ಮೆನ್‌ಗಾರ್ಡ್‌ಳಿಗೆ ಹೇಳಿದಳೆಂದು ಇಂಗ್ಲೆಂಡಿನ ಇತಿಹಾಸಕಾರ ನ್ಯೂಬರೋದ ವಿಲಿಯಂ ಬರೆದಿದ್ದಾನೆ. ಗಂಡ ಮನೆಯಲ್ಲಿಲ್ಲದ ಹೊತ್ತಿನಲ್ಲಿ ತಾಯಿ ವೆಲ್ಫ್ ಮನೆತನದ ಹೈನ್‌ರಿಕ್‌ನನ್ನು ಕರೆಸಿ ಮದುವೆ ಮಾಡಿಸಿದಳು. ಚರ್ಚಿನ ಅಂದಿನ ನಿಯಮದಂತೆ ವಧೂವರರ ಒಪ್ಪಿಗೆಯೇ ಮದುವೆಯ ತಿರುಳಾಗಿದ್ದುದರಿಂದ, ಸಂಬಂಧವನ್ನು ಮುರಿಸಬೇಕೆಂದು ಕೊನ್‌ರಾಡ್‌ನ ಮೇಲೆ ಚಕ್ರವರ್ತಿ ಎಷ್ಟು ಸಿಟ್ಟಾದರೂ ಅದು ಮುರಿಯಲಿಲ್ಲ. ಸಾಮ್ರಾಜ್ಯದ ಒಡೆಯನ ಇಚ್ಛೆಯೆದುರು ಒಂದು ಹೆಣ್ಣಿನ ಮಾತು ನಿಂತಿತೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ವಿರೋಧ

ಆದರೆ ಆ ಮಾತು ನಮಗೆ ದಕ್ಕಿರುವುದು ಯಾರ ಮೂಲಕ ಎಂಬುದನ್ನು ಮರೆಯಲಾಗದು. ವರನಾದ ಹೈನ್‌ರಿಕ್ ಇಂಗ್ಲೆಂಡಿನ ದೊರೆ ರಿಚರ್ಡ್‌ನ ಅಕ್ಕನ ಮಗ. ರಿಚರ್ಡ್ ಆಗ ಇದೇ ಚಕ್ರವರ್ತಿಯ ಸೆರೆಯಲ್ಲಿದ್ದ, ಫಿಲಿಪ್ ಅವನ ಕಡುವೈರಿ. ಫಿಲಿಪ್‌ನನ್ನು ಹಳಿದು ಹೈನ್‌ರಿಕ್‌ನನ್ನು ಮೆಚ್ಚುವ ವಧುವಿನ ಚಿತ್ರ ಇಂಗ್ಲಿಷ್ ಬರಹಗಾರನೊಬ್ಬನಿಗೆ ಹಿತವಾಗಿಯೇ ಇದ್ದಿರಬೇಕು. ಅದೇ ಬರಹದಲ್ಲಿ ಆಗ್ನೆಸ್ ತಾನು ಎಳವೆಯಲ್ಲೇ ಹೈನ್‌ರಿಕ್‌ನಿಗೆ ನಿಶ್ಚಯವಾಗಿದ್ದವಳೆಂದು ನೆನೆಯುತ್ತಾಳೆ. ಹಾಗಿದ್ದರೆ ಅವಳು ಆಯ್ದುಕೊಂಡದ್ದು ಹಿರಿಯರು ಒಮ್ಮೆ ನಿಶ್ಚಯಿಸಿ ಕೈಬಿಟ್ಟಿದ್ದ ಸಂಬಂಧವನ್ನೇ. ಅವಳ ಮುಂದಿದ್ದ ಇಬ್ಬರು ವರರನ್ನೂ ಮುಂದಿಟ್ಟವರು ಬೇರೆಯವರು. ಚಕ್ರವರ್ತಿಯೂ ಧರ್ಮಕ್ಕೆ ಮಣಿದನೆನ್ನುವುದಕ್ಕಿಂತ ಲಾಭ ಕಂಡು ಸುಮ್ಮನಾದನೆನ್ನುವುದೇ ಸರಿ: 1194ರ ಮಾರ್ಚ್‌ನಲ್ಲಿ ಟಿಲ್ಲೆಡಾದಲ್ಲಿ ಅವನು ವರನ ತಂದೆ, ‘ಸಿಂಹ’ ಎಂದು ಹೆಸರಾದ ಹೈನ್‌ರಿಕ್‌ನೊಡನೆ ರಾಜಿಯಾದ, ಮರುವರ್ಷ ಕೊನ್‌ರಾಡ್ ತೀರಿಕೊಂಡಾಗ ಪ್ಯಾಲಟೈನ್ ಪದವಿ ಅಳಿಯನಿಗೆ ಸಂದಿತು.

ಆಗ್ನೆಸ್ 1204ರಲ್ಲಿ ತೀರಿಕೊಂಡಳು. ಅವಳ ಮಗ 1214ರಲ್ಲಿ ಮಕ್ಕಳಿಲ್ಲದೆ ಸತ್ತಾಗ ಪ್ರಾಂತ್ಯ ವಿಟ್ಟೆಲ್ಸ್‌ಬಾಖ್ ಮನೆತನದ ಪಾಲಾಯಿತು. ಅವಳದೇ ಹೆಸರು ಹೊತ್ತ ಮಗಳನ್ನು ಆ ಮನೆತನದ ಓಟ್ಟೋನಿಗೆ ಕೊಟ್ಟು ಆ ಹಕ್ಕನ್ನು ಗಟ್ಟಿಮಾಡಲಾಯಿತು.